ನಿಂತ ಬೀಸುಕಲ್ಲು

ಹೊಳೆದಂಡೆಯಲ್ಲೊಂದು ಮಠ. ಅಲ್ಲೊಂದು ವಾಡಿಕೆ. ಬೀಸುಕಲ್ಲಿಗೆ ಇಬ್ಬರು ಶಿಷ್ಯರು ಎದುರುಬದುರು ಕೂತು, ಒಂದೇ ಗೂಟ ಹಿಡಿದು ಬೀಸಬೇಕು. ಒಬ್ಬರೇ ಬೀಸುವ ಹಾಗಿಲ್ಲ, ನೇಮಿಸಿದ ಜೋಡಿ ಬಿಟ್ಟು ಬೇರೆಯವರು ಮುಟ್ಟುವ ಹಾಗೂ ಇಲ್ಲ.

ಚೆನ್ನವೀರ, ಹಂಪಯ್ಯ ಹಾಗೇ ಬೀಸುತ್ತಿದ್ದರು. ಹಂಪಯ್ಯನಿಗೆ ಬೀಸುವಾಗ ಹಾಡುವ ಹುಚ್ಚು. ಒಂದು ದಿನ ಚೆನ್ನವೀರ ಅಂದುಬಿಟ್ಟ, "ಸಾಕು ಮಾಡೋ ಮಾರಾಯಾ, ನಿನ್ನ ರಾಗ ಕೇಳಿದ್ರ ಎಮ್ಮಿ ಹಾಲು ಕೊಡೂದಿಲ್ಲ!"

ಎಲ್ಲರೂ ನಕ್ಕರು. ಹಂಪಯ್ಯ ನಗಲಿಲ್ಲ.

ಅಂದಿನಿಂದ ಅವನೂ ಮಾತಾಡಲಿಲ್ಲ, ಇವನೂ ಮಾತಾಡಲಿಲ್ಲ. ಕಲ್ಲು ನಿಂತಿತು. ರೊಟ್ಟಿ ತಪ್ಪಿತು. ಮಠದವರೆಲ್ಲ ಬೇಯಿಸಿದ ಜೋಳ ಅಗಿದು ಅಗಿದು ದವಡೆ ನೋಯಿಸಿಕೊಂಡರು.

ಇವತ್ತು ಹಂಪಯ್ಯ ಗಂಟು ಕಟ್ಟಿಕೊಂಡು ಹೊಳೆಗೆ ಇಳಿದಿದ್ದ. ಊರಿಗೆ ಹೊರಟವನು, ಮತ್ತೆ ಬರುವವನಲ್ಲ. ಹರಿಗೋಲು ಬರುವುದೊಂದೇ ಬಾಕಿ.

ಚೆನ್ನವೀರನ ಜೀವ ಚಡಪಡಿಸುತ್ತಿತ್ತು. ಬಾಯಿ ಮಾತ್ರ ಗುರುಗಳನ್ನು ಬೇರೇನೋ ಕೇಳಿತು.

"ಅಜ್ಜಾರ, ಸಿದ್ಧರು ಕಣ್ಣೆತ್ತಿ ನೋಡಿದ್ರ ನಿಂತ ಬಂಡಿ ತಾನ ಉರುಳತಿತ್ತಂತ, ಉರುಳೂ ಬಂಡಿ ತಾನ ನಿಲ್ಲತಿತ್ತಂತ. ಖರೇ ಏನ್ರಿ?"

ಗುರುಗಳು ಜೋಳ ಕೇರುತ್ತಿದ್ದರು.

"ಕತಿಯೊಳಗ ಕೇಳೀನಿ. ಕಣ್ಣಿಲೆ ಕಂಡಿಲ್ಲ. ನಿಂತದ್ದು ಯಾರರ ನೂಕೂತನಕ ನಿಂತಿರತದ. ಹೊಂಟದ್ದು ಯಾರರ ಹಿಡಿಯೂತನಕ ಹೋಗತಿರತದ."

"ಇದನ್ನ ಮೀರಿದ್ದು ಲೋಕದಾಗ ಒಂದೂ ಇಲ್ಲೇನ್ರಿ?"

"ನೋಡೂಣಂತ. ಆ ಬೀಸುಕಲ್ಲಿನ ಮುಂದ ಕೂಡು. ಕೈ ಹಚ್ಚಬ್ಯಾಡ."

ಚೆನ್ನವೀರ ಕೂತ. ಕಲ್ಲನ್ನೇ ದಿಟ್ಟಿಸಿದ. ಇರುವೆಯೊಂದು ಗೂಟ ಹತ್ತಿತು, ಇಳಿಯಿತು. ಕಲ್ಲು ಅಲುಗಲಿಲ್ಲ.

"ಅಲ್ಲೋ, ಹಂಪಯ್ಯ ಹೊಂಟಾನಲ್ಲ, ಕರಿಯೂದಿಲ್ಲೇನು?" ಗುರುಗಳು ಕೇಳಿದರು.

"ನಾ ಯಾಕ ಕರೀಲಿ? ಮದಲ ಅವ ಬಂದು ಒಂದು ಮಾತು ಆಡಲಿ, ನಾ ಹತ್ತು ಆಡತೀನಿ."

"ಆ ಕಲ್ಲೂ ಅದನ್ನ ಅನ್ನಾಕತ್ತದ, ತಮ್ಮಾ."

ಚೆನ್ನವೀರನಿಗೆ ತಲೆ ಎತ್ತಲಾಗಲಿಲ್ಲ.

ಹೊಳೆಯ ಕಡೆಯಿಂದ ಅಂಬಿಗ ಕೂಗಿದ, "ಹತ್ತಾವರು ಲಗೂನ ಹತ್ರೀ!"

ಚೆನ್ನವೀರ ದಡಕ್ಕನೆ ಎದ್ದ. ಬಾಗಿಲ ತನಕ ಹೋದವನು ಅಲ್ಲೇ ನಿಂತು ತಿರುಗಿದ.

"ಅಜ್ಜಾರ, ನಾ ಕರದ್ರೂ ಅವ ತಿರುಗಿ ನೋಡಲಿಲ್ಲಂದ್ರ?"

ಗುರುಗಳು ಮೊರದಿಂದ ಕಣ್ಣು ತೆಗೆಯಲಿಲ್ಲ.

"ನಿಂತು ಕೇಳಬ್ಯಾಡೋ, ಅಲ್ಲೇ ನಿಂತುಬಿಡತಿ. ಓಡಿಕೋತ ಕೇಳು."