ಬೈಲಪ್ಪನೂ ಮಿಂಚು ನೋಡೋ ಪೆಟ್ಟಿಗೆಯೂ

ಬೈಲಪ್ಪ ಅಂತ ಒಬ್ಬನಿದ್ದ. ಮೀಸೆ ಬಂದಿತ್ತು, ಮೈಕಟ್ಟು ಬಂದಿತ್ತು, ಬುದ್ಧಿಯೊಂದು ಇನ್ನೂ ದಾರಿಯಲ್ಲೇ ಇತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಅವನ ತಾಯಿ ಓಬಕ್ಕ ಉಪಗ್ರಹದ ಪ್ರಯೋಗಾಲಯವೊಂದರ ಕ್ಯಾಂಟೀನಿನಲ್ಲಿ ಅಡುಗೆಯವಳು. ಅಲ್ಲಿನ ವಿಜ್ಞಾನಿ ಶಾರ್ವರಿ ಮೇಡಂ ಕೈಕಾಲು ಹಿಡಿದು ಮಗನಿಗೂ ಒಂದು ಕೆಲಸ ಕೊಡಿಸಿದಳು.

ಮೇಡಂ ಹತ್ತಿರ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದಿತ್ತು. ಮೋಡಕ್ಕಿಂತ ಎಷ್ಟೋ ಮೇಲೆ ಕೆಂಪು ಮಿಂಚು ಹೊಡೆಯುತ್ತದಂತೆ. ಅದನ್ನು ನೋಡೋಕೆ ಆ ಪೆಟ್ಟಿಗೆ ಉಪಗ್ರಹದಲ್ಲಿ ಹೋಗಬೇಕು. ಹೋಗುವ ಮೊದಲು ನೆಲದ ಮೇಲಿನ ಪರೀಕ್ಷೆಯಲ್ಲೆಲ್ಲ ಪಾಸಾಗಬೇಕು. ಮೇಡಂ ಅವರ ನಾಲ್ಕು ವರ್ಷದ ದುಡಿಮೆ ಅದು.

ಮೊದಲ ದಿನ ಮೇಡಂ, ಪೆಟ್ಟಿಗೆಯನ್ನು ಕತ್ತಲೆ ಕೋಣೆಯಲ್ಲಿಡು, ಹೊರಗಿನ ಬೆಳಕು ಒಂಚೂರೂ ಬೀಳಬಾರದು ಅಂದರು. ಬೈಲಪ್ಪ ಅದಕ್ಕೆ ಕಂಬಳಿ ಸುತ್ತಿಟ್ಟ. ಮೇಡಂ ಹೊರಗೆ ಕೂತು ಗುಂಡಿ ಒತ್ತಿ, ಒಳಗೆ ಮಿಂಚಿನ ಹಾಗೆ ದೀಪ ಹೊಡೆಸಿದ್ದೇ ಹೊಡೆಸಿದ್ದು. ಪೆಟ್ಟಿಗೆ ಒಂದನ್ನೂ ನೋಡಲಿಲ್ಲ. ಓಬಕ್ಕ ಮಗನಿಗೆ ಬೈದಳು. ಪರೀಕ್ಷೆ ಶುರುವಾದ ತಕ್ಷಣ ತೆರೆದುಬಿಡಬೇಕು ಕಣೋ ಅಂದಳು. ಅವನು ಹೂಂನವ್ವ ಅಂದ.

ಮಾರನೇ ದಿನ ಪೆಟ್ಟಿಗೆಯನ್ನು ಚಳಿಯ ಬೀರುವಿನೊಳಗಿಟ್ಟರು. ಮೇಲಿನ ಥಂಡಿ ತಡೆಯುತ್ತದೋ ನೋಡಬೇಕಿತ್ತು. ಬೀರು ಕೊರೆಯುವಷ್ಟು ಥಂಡಿಯಾದ ಮೇಲೆ ಪರೀಕ್ಷೆ ಶುರುವಾಯ್ತು. ಬೈಲಪ್ಪ ತಕ್ಷಣ ಬೀರು ತೆರೆದುಬಿಟ್ಟ. ಪೆಟ್ಟಿಗೆಯ ಗಾಜಿನ ಮೇಲೆಲ್ಲ ಮಂಜು ಕೂತು, ಅದನ್ನು ಒಣಗಿಸೋದರಲ್ಲಿ ಸಂಜೆಯಾಯ್ತು. ಓಬಕ್ಕ ಹಣೆ ಚಚ್ಚಿಕೊಂಡಳು. ಮುಚ್ಚಿದ ಬಾಗಿಲನ್ನು ಮೇಡಂ ಎದುರಿಗೆ ಬಂದು ಹೇಳೋವರೆಗೂ ತೆಗೀಬೇಡ ಅಂದಳು.

ಮೂರನೇ ದಿನ ದೀಪ ಸರಿಮಾಡಲು ಮೇಡಂ ತಾವೇ ಕತ್ತಲೆ ಕೋಣೆಗೆ ಹೋದರು. ಬೈಲಪ್ಪ ಬಾಗಿಲು ಮುಚ್ಚಿ ಚಿಲಕ ಹಾಕಿದ. ಸ್ವಲ್ಪ ಹೊತ್ತಿಗೆ ಮೇಡಂ ಒಳಗಿಂದ ಬಡಿದರು.

"ಬೈಲಪ್ಪ, ಬಾಗಿಲು ತೆಗಿಯಪ್ಪ."

"ಎದುರಿಗೆ ಬಂದು ಹೇಳಿ ಮೇಡಂ."

"ನೀನು ತೆಗೆದರೆ ತಾನೆ ನಾನು ಬರೋದು?"

"ನೀವು ಬಂದು ಹೇಳಿದರೆ ತಾನೆ ನಾನು ತೆಗೆಯೋದು?"

ಓಬಕ್ಕ ಕಾಫಿ ತರುವವರೆಗೂ ಇದೇ ನಡೀತು. ಅವಳು ಚಿಲಕ ತೆಗೆದು, ಬೆವೆತು ಹೋಗಿದ್ದ ಮೇಡಂಗೆ ನೀರು ಕೊಟ್ಟು, ಮಗನ ಕಿವಿ ಹಿಂಡಿದಳು. ಇನ್ನು ಮೇಲೆ ಯಾರಾದರೂ ಹೀಗೆ ದಡಬಡ ಅಂದರೆ ಯಾರನ್ನೂ ಕೇಳಬೇಡ, ಮೊದಲು ಬಿಡಿಸು, ಗಾಳಿಗೆ ಕೂರಿಸು, ನೀರು ಕುಡಿಸು ಅಂದಳು.

ನಾಲ್ಕನೇ ದಿನ ಕೊನೇ ಪರೀಕ್ಷೆ. ರಾಕೆಟ್ಟು ಕುಲುಕಿದ ಹಾಗೆ ಕುಲುಕುವ ಮೇಜಿಗೆ ಪೆಟ್ಟಿಗೆಯನ್ನು ಬಿಗಿದು, ಮೇಡಂ ಅಳತೆ ನೋಡಲು ಪಕ್ಕದ ಕೋಣೆಗೆ ಹೋದರು. ಪೆಟ್ಟಿಗೆ ದಡಬಡ ದಡಬಡ ಅನ್ನತೊಡಗಿತು. ಬೈಲಪ್ಪ ಯಾರನ್ನೂ ಕೇಳಲಿಲ್ಲ. ಕೆಂಪು ಗುಂಡಿ ಒತ್ತಿ ಮೇಜು ನಿಲ್ಲಿಸಿದ, ಸ್ಕ್ರೂ ಬಿಚ್ಚಿದ, ಪೆಟ್ಟಿಗೆಯನ್ನು ವೈರಿನ ಸಮೇತ ಎತ್ತಿ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂರಿಸಿದ, ಒಂದು ಚೊಂಬು ನೀರು ಹುಯ್ದ. ಪೆಟ್ಟಿಗೆ ಎರಡು ಸಲ ಚಟಪಟ ಅಂದು ತಣ್ಣಗಾಯಿತು.

ಮೇಡಂ ಓಡಿ ಬಂದರು. ಬೈಲಪ್ಪ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದ:

"ಮೆಲ್ಲಗೆ ಮೇಡಂ, ಈಗ ತಾನೆ ಕಣ್ಣು ಮುಚ್ಚಿದೆ."