ಎರಡನೆಯ ಡಿಕಾಕ್ಷನ್

"ಬುದ್ಧಿ, ಯಾವ ರೀತಿ ಹೇಳಿದರೆ ಜನ ಕೂತು ಕೇಳುತ್ತಾರೆ?" ಎಂದು ರೇವಣ್ಣ ಗುರುಗಳನ್ನು ಕೇಳಿದ.

ರೇವಣ್ಣ ಮಠದ ಶಿಷ್ಯ. ಗುರುಗಳ ಅಪ್ಪಣೆಯಂತೆ ಆರು ತಿಂಗಳಿಂದ ಪೇಟೆಯಲ್ಲಿ ಸಂಜೆ ಪ್ರವಚನ ಮಾಡುತ್ತಿದ್ದ. ಮೊದಲು ಶಾಸ್ತ್ರ ಹೇಳಿದ. ಜನ ನಡುವೆ ಎದ್ದು ಹೋದರು. ಹಾಡು ಸೇರಿಸಿದ. ಆಗಲೂ ಎದ್ದು ಹೋದರು. ನಗೆಮಾತು ಸೇರಿಸಿದ ದಿನ ಹಾರ್ಮೋನಿಯಂ ನುಡಿಸುವವನೂ ಎದ್ದು ಹೋದ.

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಹೆಂಡತಿ ತೀರಿಕೊಂಡ ಮೇಲೆ ಅಡಿಗೆಮನೆ ಸೊಸೆಯ ಕೈಗೆ ಬಂತು. ಮಗ ಜವಳಿ ಹೊತ್ತು ಊರೂರು ತಿರುಗುತ್ತಿದ್ದ. ಸೊಸೆ ಮಾತು ಕಡಿಮೆಯ ಹೆಣ್ಣು. ಅವಳ ಸಾರು, ಪಲ್ಯ, ರೊಟ್ಟಿ ಎಲ್ಲವೂ ಮಾವನಿಗೆ ಹಿಡಿಸಿದವು. ಕಾಫಿ ಒಂದು ಹಿಡಿಸಲಿಲ್ಲ.

ಮಾವ ಒಳ್ಳೆಯವನು. ಸೊಸೆಯನ್ನು ಅನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಎರಡು ಗುಟುಕು ಕುಡಿಯುವನು, ಲೋಟವನ್ನು ಕಂಬದ ಬುಡದಲ್ಲಿ ಇಡುವನು, ಚಪ್ಪಲಿ ಮೆಟ್ಟಿಕೊಂಡು ಹೋಟೆಲಿಗೆ ಹೋಗುವನು. ಅಲ್ಲಿ ಕೂತವರಿಗೆ ಅದೊಂದು ತಮಾಷೆಯಾಯಿತು.

"ಏನ್ ಸಾವ್ಕಾರ್ರೇ, ಇವತ್ತೂ ಮನೇಲಿ ಒಲೆ ಹತ್ತಲಿಲ್ವಾ? ಸೊಸೆ ಬರೀ ಹೊಗೆ ಕುಡಿಸಿ ಕಳಿಸಿದಳಾ?"

ಸೊಪ್ಪು ಮಾರುವವಳು ಆ ಮಾತನ್ನು ಬುಟ್ಟಿಯ ಜೊತೆಗೇ ಹೊತ್ತು ತಂದು ಸೊಸೆಯ ಮುಂದೆ ಇಳಿಸಿದಳು. ಸೊಸೆ ದಂಟಿನ ಸೊಪ್ಪು ಕೊಂಡು ಒಳಗೆ ಹೋದಳು.

ಆ ಮನೆಯಲ್ಲಿ ಒಂದು ರೂಢಿ ಇತ್ತು. ಮೊದಲು ಇಳಿದ ಡಿಕಾಕ್ಷನ್ ಗಂಡಸರಿಗೆ ಮತ್ತು ಮನೆಗೆ ಬಂದವರಿಗೆ. ಎಲ್ಲರದೂ ಆದ ಮೇಲೆ ಅದೇ ಪುಡಿಯ ಮೇಲೆ ಮತ್ತೊಮ್ಮೆ ಬಿಸಿನೀರು ಹೊಯ್ದು, ಇಳಿದದ್ದನ್ನು ಮಾಡಿದವಳು ಕುಡಿಯಬೇಕು. ಸೊಸೆಯ ತವರಿನಲ್ಲಿ ಕಾಫಿಯೇ ಇರಲಿಲ್ಲ. ಕಾಫಿಯೆಂದರೆ ಅವಳಿಗೆ ಗೊತ್ತಿದ್ದದ್ದು ಈ ಎರಡನೆಯ ಡಿಕಾಕ್ಷನ್ ಮಾತ್ರ. ಅದನ್ನು ಕುಡಿದಾಗಲೆಲ್ಲ ಅವಳಿಗೆ ತೋರುತ್ತಿದ್ದದ್ದು ಒಂದೇ. ಅಯ್ಯೋ, ನೀರು ನೀರಾಗಿದೆಯಲ್ಲ, ಇದಕ್ಕೇ ಮಾವ ಲೋಟ ಕೆಳಗಿಡುತ್ತಾರೆ.

ಮರುದಿನ ಒಂದು ಚಮಚ ಪುಡಿ ಹೆಚ್ಚು ಹಾಕಿದಳು. ಮಾವ ಎರಡು ಗುಟುಕು ಕುಡಿದು ಹೋದ.

ಹಿತ್ತಾಳೆಯ ಫಿಲ್ಟರಿನದೇ ತಪ್ಪು ಎಂದುಕೊಂಡು ಅದನ್ನು ಮೇಲಿಟ್ಟಳು. ಬಟ್ಟೆಯ ಚೀಲ ಹೊಲಿದು ಸೋಸಿದಳು. ಎಲ್ಲರದೂ ಆದ ಮೇಲೆ ಎರಡನೆಯದನ್ನು ತಾನು ಕುಡಿದು ನೋಡಿದಳು. ತೆಳ್ಳಗಿತ್ತು. ಮರುದಿನ ಇನ್ನೊಂದು ಚಮಚ. ಮಾವ ಎರಡು ಗುಟುಕಿನಿಂದ ಒಂದಕ್ಕೆ ಇಳಿದ.

ಪಾತ್ರೆಯಲ್ಲೇ ಪುಡಿ ಕುದಿಸಿ, ತಣ್ಣೀರು ಚಿಮುಕಿಸಿ, ಚರಟ ತಳಕ್ಕೆ ಕೂತ ಮೇಲೆ ಬಸಿದಳು. ಆ ಚರಟವನ್ನೇ ಮತ್ತೆ ಕುದಿಸಿ ತಾನು ಕುಡಿದಳು. ಅದೂ ತೆಳ್ಳಗೆ. ಪುಡಿಯನ್ನು ಇನ್ನೂ ನುಣ್ಣಗೆ ಬೀಸಿಸಿ ತಂದಳು. ಮತ್ತೆ ಫಿಲ್ಟರಿಗೇ ಬಂದು, ಪುಡಿಯನ್ನು ಗಟ್ಟಿಯಾಗಿ ಒತ್ತಿ, ಮೇಲೆ ಇನ್ನೆರಡು ಚಮಚ ಸುರಿದಳು. ಮಾವ ಮೂಸಿ ನೋಡಿ ಎದ್ದ.

ಕೊನೆಗೊಂದು ದಿನ ಅವನು ಹೇಳಿಯೇ ಬಿಟ್ಟ. "ಸೋಮವಾರ ನನ್ನ ತಂಗಿ ಬರುತ್ತಾಳಮ್ಮ. ಇನ್ನು ಮೇಲೆ ಇಲ್ಲೇ ಇರುತ್ತಾಳೆ. ಒಲೆಯ ಜವಾಬ್ದಾರಿ ಅವಳು ನೋಡಿಕೊಳ್ಳಲಿ. ನಿನಗೂ ಸ್ವಲ್ಪ ಬಿಡುವಾಗುತ್ತದೆ."

ಬಿಡುವು ಎಂದರೆ ಏನೆಂದು ಸೊಸೆಗೆ ಅರ್ಥವಾಯಿತು. ತನ್ನದೆಂದು ಅವಳಿಗೆ ಆ ಮನೆಯಲ್ಲಿ ಇದ್ದದ್ದು ಆ ಒಲೆ ಒಂದೇ. ಇನ್ನು ಮೇಲೆ ಪಾತ್ರೆ ತೊಳೆಯುವುದಕ್ಕೂ ಇನ್ನೊಬ್ಬರ ಅಪ್ಪಣೆ ಕೇಳಬೇಕು.

ಸೋಮವಾರ ಬೆಳಗಿನ ಜಾವ ಎದ್ದಳು. ಎಂದಿನಂತೆ ಕಾಫಿ ಇಳಿಸಿದಳು. ಹಾಲು ಬೆರೆಸಿ ಮಾವನ ಲೋಟವನ್ನು ಹೊರಗೆ ಒಯ್ಯಲು ಹೋದವಳು ಕೈ ತಡೆದಳು. ಒಲೆ ಬಿಟ್ಟು ಕೊಡುವುದೇ ಆಗಿದೆ. ಅದಕ್ಕೆ ಮೊದಲು, ದಿನಾ ಮಾವ ಲೋಟದಲ್ಲಿ ಬಿಟ್ಟು ಹೋಗುವುದು ಏನನ್ನು ಎಂದಾದರೂ ತಿಳಿಯಬೇಡವೇ?

ಬಾಗಿಲ ಹಿಂದೆ ನಿಂತು ಆ ಮನೆಯಲ್ಲಿ ಮೊಟ್ಟಮೊದಲ ಬಾರಿಗೆ ಮೊದಲ ಡಿಕಾಕ್ಷನ್ನಿನ ಕಾಫಿ ಕುಡಿದಳು.

ನಾಲಿಗೆ ಮಡಚಿ ಹೋಯಿತು. ಕಣ್ಣಲ್ಲಿ ನೀರು ಬಂತು. ಬೇವಿನ ಕಷಾಯವನ್ನಾದರೂ ಒಂದು ಲೋಟ ಕುಡಿಯಬಹುದು, ಇದನ್ನು ಕುಡಿಯಲಾಗದು! ಇಷ್ಟು ದಿನ ಇದನ್ನು ಒಂದೇ ಒಂದು ಗುಟುಕಾದರೂ ನುಂಗಿದ ಮಾವನ ಮೇಲೆ ಅವಳಿಗೆ ಮರುಕ ಹುಟ್ಟಿತು. ಆಮೇಲೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ನಕ್ಕು ಮುಗಿಸಿ, ಎಲ್ಲವನ್ನೂ ಚೆಲ್ಲಿ, ಹಿತ್ತಾಳೆಯ ಫಿಲ್ಟರನ್ನು ತೊಳೆದಳು. ಅರ್ಧ ಪುಡಿ ಹಾಕಿದಳು. ಒತ್ತಲಿಲ್ಲ. ಕುದಿ ಇಳಿದ ನೀರನ್ನು ಮೆಲ್ಲಗೆ ಹೊಯ್ದು ಕಾದಳು. ಕುಡಿದು ನೋಡಿದಳು. ಇನ್ನೂ ಸ್ವಲ್ಪ ಕಟು. ಒಂದು ಚಮಚ ತೆಗೆದು ಮತ್ತೊಮ್ಮೆ ಮಾಡಿದಳು. ಕುಡಿದು ನೋಡಿದಳು. ಈ ಸಲ ಲೋಟ ಕೆಳಗಿಡಲು ಅವಳಿಗೇ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ತಂಗಿ ಬಂದಿಳಿದಳು. ಮಾವ ಅವಳ ಟ್ರಂಕನ್ನು ಪಡಸಾಲೆಯಲ್ಲಿ ಇರಿಸಿ, "ಬಾ, ಹೋಟೆಲಿನಿಂದ ಕಾಫಿ ತರಿಸುತ್ತೇನೆ" ಎಂದ.

ಸೊಸೆ ಎರಡು ಲೋಟ ಹಿಡಿದು ಹೊರಗೆ ಬಂದಳು. "ಮಾವ, ಇದನ್ನು ಕುಡಿದು ನೋಡಿ" ಎಂದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ.

ದಾಕ್ಷಿಣ್ಯಕ್ಕೆ ಮಾವ ಒಂದು ಗುಟುಕು ಕುಡಿದ. ಎರಡು ಕುಡಿದ. ಲೋಟ ಕಂಬದ ಕಡೆಗೆ ಹೋಗಲಿಲ್ಲ. ತಳದ ನೊರೆಯನ್ನೂ ಬಾಯಿಗೆ ಬಗ್ಗಿಸಿಕೊಂಡು, ಖಾಲಿ ಲೋಟವನ್ನು ಮುಂದೆ ಚಾಚಿದ.

"ಇನ್ನೊಂದು ಲೋಟ ಆಗುತ್ತದೇನಮ್ಮ?"

ತಂಗಿಯೂ ಲೋಟ ಬರಿದು ಮಾಡಿದ್ದಳು. "ಏನಣ್ಣ, ಇಂಥ ಕಾಫಿ ಮಾಡೋಳನ್ನ ಮನೇಲಿ ಇಟ್ಕೊಂಡು, ಮಂಡಿ ನೋವಿರೋ ನನ್ನ ಬಸ್ಸು ಹತ್ತಿಸಿದ್ಯಲ್ಲ! ಯಾವ ಪುಡಿನೇ ಇದು, ಹುಡುಗಿ?"

"ಅದೇ ಪುಡಿ, ಅತ್ತೆ. ಇವತ್ತು ಮೊದಲ ಲೋಟ ನಾನು ಕುಡಿದೆ" ಎಂದಳು ಸೊಸೆ. ರೂಢಿ ಮುರಿದದ್ದು ತಪ್ಪಾಯಿತೆಂದು ಅವಳು ಹೇಳಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ.

ತಂಗಿ ತೊಡೆ ತಟ್ಟಿಕೊಂಡು ನಕ್ಕಳು. "ನಮ್ಮತ್ತಿಗೆನೂ ಹಂಗೇ ಕಣೇ! ದಿನಾ ಬಾಗಿಲ ಹಿಂದೆ ನಿಂತ್ಕೊಂಡು ಕುಡಿದು ನೋಡೇ ಗಂಡಸರಿಗೆ ಕೊಡ್ತಿದ್ದಿದ್ದು. ಅಣ್ಣನಿಗೆ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಳು."

ನಲವತ್ತು ವರ್ಷ ಸಂಸಾರ ಮಾಡಿದ ವ್ಯಾಪಾರಿ ತಂಗಿಯ ಮುಖ ನೋಡಿದ, ಸೊಸೆಯ ಮುಖ ನೋಡಿದ. ಚಪ್ಪಲಿ ಕಳಚಿ ಮೂಲೆಗೆ ತಳ್ಳಿದ. "ನಾಳೆಯಿಂದ ಬಾಗಿಲ ಹಿಂದೆ ಬೇಡಮ್ಮ. ಇಲ್ಲೇ ಕೂತು ಕುಡಿ" ಎಂದ.

ತಂಗಿ ನಾಲ್ಕು ದಿನ ನೆಂಟಳಾಗಿ ಇದ್ದು, ಮಂಡಿಗೆ ಎಣ್ಣೆ ಹಚ್ಚಿಸಿಕೊಂಡು ಊರಿಗೆ ಹಿಂದಿರುಗಿದಳು. ಸೊಸೆ ಒಲೆಯ ಮುಂದೆ ರಾಣಿಯ ಹಾಗೆ ಕೂತಳು. ಹೋಟೆಲಿನ ಗೆಳೆಯರು ಒಬ್ಬೊಬ್ಬರಾಗಿ ವ್ಯಾಪಾರಿಯ ಜಗುಲಿಗೇ ಬಂದು, ಇಲ್ಲದ ಕೆಲಸ ಹೇಳಿಕೊಂಡು, ಕಾಫಿ ಬರುವ ತನಕ ಏಳದೆ ಕೂರತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು.

ರೇವಣ್ಣನ ಮುಖ ಅರಳಿತ್ತು. "ಕತೆ ಬಹಳ ಚೆನ್ನಾಗಿದೆ ಬುದ್ಧಿ. ನಾಳಿನ ಪ್ರವಚನದಲ್ಲಿ ಇದನ್ನೇ ಹೇಳಲೇ?"

"ನಿನ್ನ ಪ್ರವಚನ ಕೇಳಲು ನೀನೇ ಹೋಗಿ ಕೂತಿದ್ದರೆ, ಯಾವ ಹೊತ್ತಿಗೆ ಎದ್ದು ಬರುತ್ತಿದ್ದೆ, ರೇವಣ್ಣ?"