ಒನಕೆಗೆ ಬಂದ ಕಾಮಾಲೆ

ನಿರ್ವಾಣಜ್ಜನವರು ಊರೂರು ಸಂಚಾರ ಮುಗಿಸಿ ಹೊಳೆದಂಡೆಯ ಆಶ್ರಮಕ್ಕೆ ಬಂದಾಗ ಅಂಗಳದ ತುಂಬ ಜನ.

ನಡುವೆ ಅವರ ಶಿಷ್ಯ ಈರಭದ್ರ ಕೂತಿದ್ದ. ಕಾಮಾಲೆ ಆದವರ ಅಂಗೈಗೆ ಮಾವಿನ ತೊಗಟೆಯ ರಸ ತಿಕ್ಕಿ, ಸುಣ್ಣದ ನೀರಿನಲ್ಲಿ ತೊಳೆಯುತ್ತಿದ್ದ. ಕೆಳಗಿಟ್ಟ ಅಗಲ ಪರಾತದ ನೀರು ಹಳದಿಯಾಗುತ್ತಿತ್ತು. “ನೋಡ್ರಿ, ರೋಗ ಇಳೀತು!” ಎನ್ನುತ್ತಿದ್ದ. ಜನ ಕಾಲಿಗೆ ಬೀಳುತ್ತಿದ್ದರು. ಇವನೂ ಬೀಳಿಸಿಕೊಳ್ಳುತ್ತಿದ್ದ, ಭೂಪ!

ದುಂಡಪ್ಪ ಎಂಬವನು ಕೈ ತೊಳೆಸಿಕೊಂಡು ಎದ್ದ. ದಿನಾ ಕುಡಿಯುವ ಆಸಾಮಿ. ಕಣ್ಣು ಅರಿಶಿನದಂತಾಗಿದ್ದವು, ಹೊಟ್ಟೆ ಉಬ್ಬಿತ್ತು, ಕಾಲು ಬಾತಿದ್ದವು. ಆಸ್ಪತ್ರೆಗೆ ಹೋಗಲೆಂದೇ ಹೆಂಡತಿ ಕಾಶವ್ವ ಬಟ್ಟೆಗಂಟು ಕಟ್ಟಿಕೊಂಡು ಬಂದಿದ್ದಳು.

“ಹಳದಿ ಎಲ್ಲಾ ಹೋತಲ್ಲ, ಇನ್ನ ಆಸ್ಪತ್ರಿ ಯಾಕ? ಒಂದೀಟು ಕುಡದ್ರೂ ನಡೀತೈತಿ,” ಎಂದು ದುಂಡಪ್ಪ ಸಾರಾಯಿ ಅಂಗಡಿ ಕಡೆ ಹೊರಟೇಬಿಟ್ಟ.

ಗುರುಗಳು ಜೋಳಿಗೆ ಕೆಳಗಿಟ್ಟು ಶಿಷ್ಯನ ಮುಂದೆ ಕೈ ಚಾಚಿದರು.

“ನಂದೂ ತೊಳಿ.”

“ನಿಮಗೆಲ್ಲಿ ಕಾಮಾಲಿ ಐತ್ರಿ ಅಜ್ಜಾರ?”

“ತೊಳಿ ಅಂದೆ.”

ಸುಣ್ಣದ ಹೊಸ ನೀರು ಹಾಕಿ, ರಸ ತಿಕ್ಕಿ ತೊಳೆದ. ನೀರು ಹಳದಿಯಾಯಿತು.

ಗುರುಗಳು ಮೂಲೆಯ ಒನಕೆ ತಂದು ಮುಂದಿಟ್ಟರು. “ಇದನ್ನೂ ತೊಳಿ.”

ತೊಗಟೆ, ಸುಣ್ಣ ಕೂಡಿದಾಗಿನ ಅದೇ ಹಳದಿ.

“ಒನಕಿಗೂ ಕಾಮಾಲಿ ಬಂದೈತೇನೋ?”

ಜನ ನಕ್ಕರು. ಕಾಶವ್ವ ನಗಲಿಲ್ಲ.

“ನಮ್ಮ ಮನ್ಯಾಗ ನಮ್ಮಜ್ಜಾನೂ ಹಿಂಗ ತೊಳೀತಿದ್ದ್ರೀ,” ಎಂದ ಈರಭದ್ರ. “ಎಷ್ಟೋ ಮಂದಿ ಆರಾಮ ಆಗ್ಯಾರ.”

“ಕೆಲವು ಕಾಮಾಲಿ ತಾವ ಇಳೀತಾವ. ಆ ಪುಣ್ಯಾ ನೀವು ಕಟ್ಕೊಂಡ್ರಿ. ಇಳೀದೆ ಮನ್ಯಾಗ ಸತ್ತವರು ಎಷ್ಟು ಮಂದಿ? ಅದನ್ನ ಹೇಳು!”

“ನಂಬಿ ಬರ್ತಾರ್ರೀ. ಇಲ್ಲ ಅಂತ ಹೆಂಗ ಹೇಳ್ಲಿ?”

ಗುರುಗಳು ಸಿಟ್ಟಿಗೆದ್ದರು.

“ನಂಬಿದವರಿಗೇ ಮೋಸಾ ಮಾಡ್ತೀಯಾ? ಲಿವರ್ ಅನ್ನೂದು ವರ್ಷಗಟ್ಲೆ ಸುಮ್ಮನ ದುಡೀತೈತಿ. ನಾವು ಸುರುವಿದ್ದನ್ನೆಲ್ಲಾ ಸೋಸ್ತೈತಿ, ನೋವು ಅಂತ ಬಾಯಿ ಬಿಡೂದಿಲ್ಲ. ಪೂರಾ ಸೋತ ಮ್ಯಾಲ ಕಣ್ಣಾಗ ಹಳದಿ ತೋರಿಸ್ತೈತಿ. ಅದನ್ನ ಕಂಡು ಆಸ್ಪತ್ರಿಗೆ ಹೊಂಟವನನ್ನ ಸಾರಾಯಿ ಅಂಗಡಿಗೆ ಕಳಿಸಿದೆಲ್ಲೋ, ನಾಚಿಕಿಗೇಡಿ!”

ಕಾಶವ್ವ ಗಂಟನ್ನು ಎದೆಗೆ ಅವುಚಿಕೊಂಡು ಮುಂದೆ ಬಂದಳು. “ಅಜ್ಜಾರ, ನನ್ನ ಮಾತು ಅವರು ಕೇಳೂದಿಲ್ರಿ. ಈ ಸ್ವಾಮ್ಯಾರು ಹೇಳಿದ್ರಷ್ಟ ಕೇಳ್ತಾರ.”

“ಕೇಳಿಸ್ತೇನೋ?” ಗುರುಗಳು ಶಿಷ್ಯನತ್ತ ತಿರುಗಿದರು. “ ಹೋಗು. ‘ನಾ ಮಾಡಿದ್ದು ಸುಳ್ಳು’ ಅಂತ ಹೇಳು. ಕುಡೀಲಾಕ ಬಿಡಬ್ಯಾಡ, ಆಸ್ಪತ್ರಿ ತನಕ ಜೋಡಿ ಹೋಗು.”

ಈರಭದ್ರ ಎದ್ದ. ಅಂಗಳದ ಜನರನ್ನು ನೋಡಿ ನಿಂತ. ಇಷ್ಟೆಲ್ಲ ಆದ ಮೇಲೂ ಅವನಿಗೆ ತನ್ನದೇ ಚಿಂತೆ!

“ಹಂಗಂದ್ರ ನಾಳೆ ಯಾವ ಮುಖಾ ಹೊತ್ಕೊಂಡು ಇಲ್ಲಿ ಕೂಡ್ಲಿ ಅಜ್ಜಾರ?”

“ನಿನ್ನ ಮುಖಾ ನಾಳೆ ನೋಡೋಣು. ಅವಂಗ ನಾಳೆ ಅನ್ನೂದು ಐತೋ ಇಲ್ಲೋ, ಮದ್ಲ ಓಡು!”